ತೊಗರಿಗೆ ಯೂರಿಯಾ ಯಾಕೆ? ಆಳಂದ, ಅಫಜಲಪುರ, ಜೇವರ್ಗಿ ಹೊಲಗಳ ಸಾವಯವ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)



ಮೊಬೈಲ್ ತೆಗೆದ್ರೆ ಕೃಷಿ ಬಗ್ಗೆ ಎರಡು ಥರದ ವಿಡಿಯೋ ಬರ್ತಾವೆ. ಒಂದರಲ್ಲಿ, ‘ಇವತ್ತೇ ಯೂರಿಯಾ, ಡಿಎಪಿ ಬಿಡಿ, ಒಂದು ಆಕಳು ಸಾಕು, ಲಕ್ಷ ಲಕ್ಷ ಗಳಿಸಿ’ ಅಂತಾರೆ. ಇನ್ನೊಂದರಲ್ಲಿ, ‘ಸಾವಯವ ಅನ್ನೋದೆಲ್ಲ ಸುಳ್ಳು, ಪೇಟೆಯವರ ಶೋಕಿ’ ಅಂತಾರೆ. ಎರಡೂ ಒಂದು ನಿಮಿಷದೊಳಗೆ ಮುಗಿದು ಹೋಗ್ತಾವೆ. ಆದ್ರೆ ಊರಲ್ಲಿ ನಿಮ್ಮ ಅಪ್ಪನೋ, ಕಾಕಾನೋ ಎರಡೆಕರೆ, ಐದೆಕರೆ ಹೊಲ ಇಟ್ಟುಕೊಂಡು ಜೂನ್ ತಿಂಗಳಲ್ಲಿ ಗೊಬ್ಬರದ ಅಂಗಡಿ ಮುಂದೆ ನಿಂತಿರ್ತಾರೆ. ಅವರಿಗೆ ಬೇಕಾಗಿರೋದು ಲೆಕ್ಕ. ಯಾವ ಬೆಳೆಗೆ ಯಾವ ಗೊಬ್ಬರ ಬಿಡಬಹುದು, ಯಾವುದನ್ನ ಬಿಟ್ರೆ ಮನೆ ಖರ್ಚಿಗೇ ಕುತ್ತು ಬರುತ್ತೆ ಅನ್ನೋ ಲೆಕ್ಕ.

ಈ ಸಂಚಿಕೆಯಲ್ಲಿ ನಾನು ಆ ಲೆಕ್ಕವನ್ನೇ ಹಾಕ್ತೀನಿ. ಅದಕ್ಕೆ ಕಲಬುರಗಿ ಜಿಲ್ಲೆಯ ಮೂರು ತಾಲೂಕು ಆರಿಸಿಕೊಂಡಿದ್ದೀನಿ: ಆಳಂದ, ಅಫಜಲಪುರ, ಜೇವರ್ಗಿ. ಆಳಂದ ಅಂದ್ರೆ ಮಹಾರಾಷ್ಟ್ರದ ಗಡಿಗೆ ತಾಗಿರೋ ತಾಲೂಕು. ಅಫಜಲಪುರ, ಜೇವರ್ಗಿ ಎರಡೂ ಭೀಮಾ ನದಿಯ ತಾಲೂಕುಗಳು. ಮೂರೂ ಕಡೆ ತೊಗರಿ ಇದೆ, ಜೋಳ ಇದೆ, ಹತ್ತಿ ಇದೆ, ನೀರಿದ್ದಲ್ಲಿ ಕಬ್ಬು ಇದೆ. ಆದ್ರೆ ವಿವರಿಸೋಕೆ ಸುಲಭ ಆಗ್ಲಿ ಅಂತ ಒಂದೊಂದು ತಾಲೂಕಿನ ಜೊತೆ ಒಂದೊಂದು ಬೆಳೆ ಹಿಡ್ಕೊಳ್ತೀನಿ: ಆಳಂದಕ್ಕೆ ತೊಗರಿ, ಅಫಜಲಪುರಕ್ಕೆ ಕಬ್ಬು, ಜೇವರ್ಗಿಗೆ ಹತ್ತಿ.

ನಾನು ಹೇಳೋಕೆ ಹೊರಟಿರೋ ಮಾತು ಒಂದೇ: ‘ಸಾವಯವ ಬೇಕಾ, ಬೇಡವಾ’ ಅನ್ನೋ ಪ್ರಶ್ನೆಗೆ ಮೂರೂ ಬೆಳೆಗೆ ಒಂದೇ ಉತ್ತರ ಇಲ್ಲ. ಶುರು ಮಾಡೋದಾದ್ರೆ ತೊಗರಿಯಿಂದ ಶುರು ಮಾಡಬೇಕು. ಯಾಕೆ ಅಂತ ನೋಡೋಣ.

ತೊಗರಿ ತನ್ನ ಗೊಬ್ಬರ ತಾನೇ ಮಾಡ್ಕೊಳ್ಳುತ್ತೆ

ಕಲಬುರಗಿಗೆ ‘ತೊಗರಿ ಕಣಜ’ ಅಂತ ಹೆಸರು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇಲ್ಲಿಯ ಎರಿ ಭೂಮಿ, ಅಂದ್ರೆ ಕಪ್ಪು ಮಣ್ಣು, ಮಳೆ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ತೊಗರಿಯ ಬೇರು ಆಳಕ್ಕೆ ಇಳಿಯುತ್ತೆ. ಮಳೆ ನಿಂತು ತಿಂಗಳುಗಟ್ಟಲೆ ಆದ್ಮೇಲೂ ಗಿಡ ಹಸಿರಾಗಿ ನಿಂತಿರೋದು ಅದಕ್ಕೇ.

ಈಗ ಗೊಬ್ಬರದ ವಿಷಯ. ಗಿಡಕ್ಕೆ ಮುಖ್ಯವಾಗಿ ಬೇಕಾಗಿರೋದು ಮೂರು: ಸಾರಜನಕ, ರಂಜಕ, ಪೊಟ್ಯಾಶ್. ಯೂರಿಯಾದಲ್ಲಿ ಇರೋದು ಸಾರಜನಕ ಮಾತ್ರ, ಶೇ 46ರಷ್ಟು. ಡಿಎಪಿಯಲ್ಲಿ ಶೇ 18 ಸಾರಜನಕ, ಶೇ 46 ರಂಜಕ.

ತೊಗರಿ ದ್ವಿದಳ ಧಾನ್ಯ. ಗಿಡವನ್ನ ಮೆಲ್ಲಗೆ ಬೇರು ಸಮೇತ ಕಿತ್ತು ನೋಡಿ, ಬೇರಿನ ಮೇಲೆ ಸಣ್ಣ ಸಣ್ಣ ಗಂಟು ಕಾಣ್ತಾವೆ. ಒಂದು ಗಂಟು ಒಡೆದು ನೋಡಿದ್ರೆ ಒಳಗೆ ನಸುಗೆಂಪು ಬಣ್ಣ ಇರುತ್ತೆ. ಆ ಗಂಟಿನೊಳಗೆ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ವಾಸ ಮಾಡ್ತಾವೆ. ಗಾಳಿಯಲ್ಲಿರೋ ಸಾರಜನಕವನ್ನ ಹಿಡಿದು ಗಿಡಕ್ಕೆ ಕೊಡ್ತಾವೆ, ಅದಕ್ಕೆ ಬದಲಾಗಿ ಗಿಡದಿಂದ ಸಕ್ಕರೆ ತಗೊಳ್ತಾವೆ. ಯೂರಿಯಾ ಕಾರ್ಖಾನೆ ಭಾರೀ ಒತ್ತಡ, ಭಾರೀ ಶಾಖ ಕೊಟ್ಟು, ನೈಸರ್ಗಿಕ ಅನಿಲ ಸುಟ್ಟು ಮಾಡೋ ಕೆಲಸವನ್ನ ಈ ಗಂಟು ಸದ್ದಿಲ್ಲದೆ ಹೊಲದಲ್ಲೇ ಮಾಡುತ್ತೆ.

ಅಷ್ಟೇ ಅಲ್ಲ, ತೊಗರಿ ಎಲೆ ಉದುರಿಸಿ ಹೊಲಕ್ಕೆ ಹೊದಿಕೆ ಹಾಕುತ್ತೆ. ಎಲೆ, ಬೇರು ಎಲ್ಲ ಕೊಳೆತ ಮೇಲೆ ಮುಂದಿನ ಬೆಳೆಗೆ ಹೆಕ್ಟೇರಿಗೆ 30–40 ಕೆ.ಜಿ. ಸಾರಜನಕದಷ್ಟು ಅನುಕೂಲ ಆಗುತ್ತೆ ಅನ್ನೋದು ಕೃಷಿ ವಿಜ್ಞಾನಿಗಳ ಸಾಮಾನ್ಯ ಲೆಕ್ಕ. ಹಿರಿಯರು ಒಂದು ವರ್ಷ ತೊಗರಿ, ಮರುವರ್ಷ ಜೋಳ ಅಂತ ಹೊಲ ಬದಲಿಸಿ ಬಿತ್ತುತ್ತಿದ್ದುದರ ಲಾಭ ಇದೇ.

ಹಾಗಾದ್ರೆ ತೊಗರಿಗೆ ಶಿಫಾರಸು ಎಷ್ಟು? ಮಳೆಯಾಶ್ರಿತ ತೊಗರಿಗೆ ಹೆಕ್ಟೇರಿಗೆ 25 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ. ಎಕರೆಗೆ ಲೆಕ್ಕ ಹಾಕಿದ್ರೆ ಸುಮಾರು 10 ಮತ್ತು 20. ಒಂದು ಚೀಲ ಡಿಎಪಿ, ಅಂದ್ರೆ 50 ಕೆ.ಜಿ. ಹಾಕಿದ್ರೆ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಬಂತು. ಬಿತ್ತುವಾಗ ಕೊಡೋ ಈ ಸ್ವಲ್ಪ ಸಾರಜನಕ, ಬೇರಲ್ಲಿ ಗಂಟು ಕಟ್ಟೋವರೆಗಿನ ಬುತ್ತಿ ಅಷ್ಟೇ. ಆಮೇಲೆ ಬೆಳೆ ನಡುವೆ ಮೇಲುಗೊಬ್ಬರ ಅಂತ ಯೂರಿಯಾ ಎರಚೋ ಅಗತ್ಯ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಎರಚಿದ್ರೆ ಏನಾಗುತ್ತೆ? ಮಣ್ಣಲ್ಲಿ ಪುಕ್ಕಟೆ ಸಾರಜನಕ ಸಿಕ್ಕಾಗ ಗಿಡ ಗಂಟು ಕಟ್ಟೋದನ್ನ ಕಡಿಮೆ ಮಾಡುತ್ತೆ. ಎಲೆ ಹುಲುಸಾಗುತ್ತೆ. ನೋಡೋಕೆ ಹೊಲ ಕಪ್ಪಗೆ ಕಾಣುತ್ತೆ, ಕಾಯಿ ಅದೇ ಪ್ರಮಾಣದಲ್ಲಿ ಹೆಚ್ಚೋದಿಲ್ಲ.

2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ಯೂರಿಯಾಗೆ ರೈತರು ಸಾಲು ನಿಂತಿದ್ದು ನೀವೂ ನೋಡಿದ್ದೀರಿ. ಆ ಸಾಲಲ್ಲಿ ತೊಗರಿ ಹೊಲಕ್ಕೆ ಅಂತ ನಿಂತವರು ಯಾರಾದ್ರೂ ನಿಮ್ಮ ಮನೆಯಲ್ಲಿದ್ರೆ, ಈ ಭಾಗವನ್ನ ಅವರಿಗೆ ಕೇಳಿಸಿ.

ಹಾಗಂತ ಡಿಎಪಿನೂ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ರಂಜಕವನ್ನ ಗಾಳಿಯಿಂದ ಹಿಡಿಯೋಕೆ ಯಾವ ಬ್ಯಾಕ್ಟೀರಿಯಾಕ್ಕೂ ಬರೋದಿಲ್ಲ. ನಮ್ಮ ಎರಿ ಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ ಇರೋದ್ರಿಂದ ಹಾಕಿದ ರಂಜಕದಲ್ಲಿ ಒಂದು ಪಾಲು ಮಣ್ಣಿಗೇ ಅಂಟಿಕೊಂಡು ಕೂತುಬಿಡುತ್ತೆ. ವರ್ಷಾನುಗಟ್ಟಲೆ ಡಿಎಪಿ ಹಾಕಿದ ಹೊಲದಲ್ಲಿ ಹಾಗೆ ಕೂತಿರೋ ರಂಜಕ ಸಾಕಷ್ಟು ಇರಬಹುದು. ಅದನ್ನ ಸ್ವಲ್ಪ ಸ್ವಲ್ಪ ಬಿಡಿಸಿ ಕೊಡೋ ಪಿಎಸ್‌ಬಿ ಅನ್ನೋ ಜೀವಾಣು ಗೊಬ್ಬರ ಇದೆ. ಆದ್ರೆ ನಿಮ್ಮ ಹೊಲದಲ್ಲಿ ಎಷ್ಟಿದೆ ಅನ್ನೋದು ಮಣ್ಣು ಪರೀಕ್ಷೆ ಮಾಡಿಸಿದ್ರೆ ಮಾತ್ರ ಗೊತ್ತಾಗೋದು.

ಇನ್ನೊಂದು ಮಾತು. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಜೊತೆ ಸೇರಿ ‘ಭೂಚೇತನ’ ಅನ್ನೋ ಕಾರ್ಯಕ್ರಮ ಶುರು ಮಾಡಿತ್ತು. ಮಳೆಯಾಶ್ರಿತ ಜಿಲ್ಲೆಗಳ ಮಣ್ಣು ಪರೀಕ್ಷೆ ಮಾಡಿದಾಗ ವ್ಯಾಪಕವಾಗಿ ಕೊರತೆ ಕಂಡಿದ್ದು ಗಂಧಕ, ಸತು, ಬೋರಾನ್. ನಾವು ಸಾಲು ನಿಲ್ಲೋದು ಯೂರಿಯಾಗೆ. ಮಣ್ಣು ಕೇಳ್ತಿರೋದು ಬೇರೇನೋ.

ನಿಜವಾದ ವಿಷ ಎಲ್ಲಿಂದ ಬರುತ್ತೆ?

‘ರಾಸಾಯನಿಕ’ ಅನ್ನೋ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ವಸ್ತು ಸೇರಿಸಿಬಿಡ್ತೀವಿ: ಗೊಬ್ಬರ ಮತ್ತು ಕೀಟನಾಶಕ. ಯೂರಿಯಾದ ಸಾರಜನಕ ಆಗಲಿ, ತಿಪ್ಪೆಗೊಬ್ಬರದ ಸಾರಜನಕ ಆಗಲಿ, ಬೇರಿನೊಳಗೆ ಹೋಗೋ ಹೊತ್ತಿಗೆ ಎರಡೂ ಒಂದೇ ರೂಪದಲ್ಲಿರ್ತಾವೆ. ಯೂರಿಯಾ ಹಾಕಿದ್ದಕ್ಕೆ ಬೇಳೆ ವಿಷ ಆಗೋದಿಲ್ಲ. ಅತಿಯಾದ ಗೊಬ್ಬರದಿಂದ ಕೆಡೋದು ನೀರು, ಗಾಳಿ, ಮಣ್ಣು. ತಿನ್ನೋ ಕಾಳಿಗೂ ಸಿಂಪಡಿಸೋ ಮನುಷ್ಯನ ಮೈಗೂ ನೇರವಾಗಿ ತಾಗೋದು ಕೀಟನಾಶಕ, ಹಳ್ಳಿ ಮಾತಲ್ಲಿ ಹೇಳೋದಾದ್ರೆ ‘ಎಣ್ಣಿ’.

ತೊಗರಿಯಲ್ಲಿ ಎಣ್ಣಿ ಹೊಡೆಯೋದು ಮುಖ್ಯವಾಗಿ ಒಂದು ಹುಳುವಿಗೆ: ಕಾಯಿಕೊರಕ, ನಮ್ಮ ಕಡೆ ‘ಕೀಡಿ’ ಅಂತಾರೆ. ಹೂ ಬಿಡೋ ಕಾಲಕ್ಕೆ ಪತಂಗ ಬಂದು ಮೊಟ್ಟೆ ಇಡುತ್ತೆ. ಮರಿ ಹೊರಗೆ ಬಂದು ಮೊದಲು ಹೂ, ಮೊಗ್ಗು, ಆಮೇಲೆ ಕಾಯಿ ಕೊರೀತದೆ. ಎಷ್ಟು ಎಣ್ಣಿ ಹೊಡೆದ್ರೂ ಬಗ್ಗದ ಹುಳು ಇದು. ಯಾಕಂದ್ರೆ ವರ್ಷ ವರ್ಷ ಒಂದೇ ಥರದ ಔಷಧ ಹೊಡೆದಾಗ ಅದನ್ನ ತಡ್ಕೊಂಡ ಹುಳುಗಳು ಮಾತ್ರ ಉಳಿದು ಮರಿ ಹಾಕ್ತಾವೆ. ಕೊನೆಗೆ ಆ ಔಷಧವೇ ನಿಷ್ಪ್ರಯೋಜಕ ಆಗುತ್ತೆ.

ಇದಕ್ಕೆ ಕಲಬುರಗಿಯ ರೈತರೇ ಒಂದು ಉಪಾಯ ಕಂಡುಕೊಂಡಿದ್ದರು: ಗಿಡ ಜಾಡಿಸೋದು. ಸಾಲಿನ ನಡುವೆ ದೊಡ್ಡ ಹಾಳೆನೋ ಬಟ್ಟೆನೋ ಹಿಡಿದು, ಗಿಡವನ್ನ ಅದರ ಮೇಲೆ ಬಗ್ಗಿಸಿ ಅಲ್ಲಾಡಿಸೋದು. ದಪ್ಪ ಕೀಡಿಗಳು ಪಟಪಟ ಉದುರ್ತಾವೆ. ಅವನ್ನ ಕೋಳಿಗೆ ಹಾಕ್ತಾರೆ, ಇಲ್ಲ ಹೂಳ್ತಾರೆ. ಕೇಳೋಕೆ ತೀರಾ ಸಾದಾ ಅನ್ನಿಸಬಹುದು. ಆದ್ರೆ ಇಕ್ರಿಸ್ಯಾಟ್ ವಿಜ್ಞಾನಿಗಳು ಇದನ್ನ ಹೊಲಗಳಲ್ಲಿ ಪರೀಕ್ಷೆ ಮಾಡಿ, ಕೆಲಸ ಮಾಡೋ ವಿಧಾನ ಅಂತ ಬರೆದಿಟ್ಟಿದ್ದಾರೆ. ಇದರ ಕಷ್ಟ ಒಂದೇ: ಆಳು ಬೇಕು. ಕೂಲಿ ದುಬಾರಿಯಾದ ಊರಲ್ಲಿ ಐದೆಕರೆ ಜಾಡಿಸೋದು ಸುಲಭ ಅಲ್ಲ.

ಅದರ ಜೊತೆ ಬೇರೆ ದಾರಿಗಳೂ ಇವೆ. ಮೋಹಕ ಬಲೆ ಕಟ್ಟಿದ್ರೆ ಗಂಡು ಪತಂಗ ಬಂದು ಬೀಳ್ತಾವೆ, ಹೊಲಕ್ಕೆ ಕೀಡಿ ಯಾವಾಗ ಬರುತ್ತೆ ಅನ್ನೋದು ಮುಂಚೆನೇ ಗೊತ್ತಾಗುತ್ತೆ. 5 ಕೆ.ಜಿ. ಬೇವಿನ ಬೀಜದ ತಿರುಳನ್ನ ಕುಟ್ಟಿ, ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿದ್ರೆ ಶೇ 5ರ ಬೇವಿನ ಕಷಾಯ. ಅದನ್ನ ಮೊಟ್ಟೆ, ಸಣ್ಣ ಮರಿ ಇರುವಾಗಲೇ ಹೊಡೆಯಬೇಕು. ಕೀಡಿ ದಪ್ಪ ಆದ್ಮೇಲೆ ಹೊಡೆದು ‘ಬೇವು ಕೆಲಸ ಮಾಡಲ್ಲ’ ಅಂದ್ರೆ ಅದು ಬೇವಿನ ತಪ್ಪಲ್ಲ. ಹೊಲದ ನಡುವೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಗೂಟ ನೆಟ್ರೆ, ಇಲ್ಲ ಅಲ್ಲಲ್ಲಿ ಜೋಳದ ಗಿಡ ಬಿಟ್ರೆ, ಹಕ್ಕಿಗಳು ಬಂದು ಕೂತು ಕೀಡಿ ಆರಿಸಿ ತಿಂತಾವೆ.

ಹಕ್ಕಿ ಅಂದಾಗ ಎಳ್ಳ ಅಮವಾಸ್ಯೆ ನೆನಪಾಗಬೇಕು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಕಟ್ಟಿಕೊಂಡು ಇಡೀ ಮನೆ ಹೊಲಕ್ಕೆ ಹೋಗೋದು, ಹೊಲದ ಸುತ್ತ ಚರಗ ಚೆಲ್ಲೋದು. ಅದು ಭೂಮಿತಾಯಿಗೆ ಉಣಿಸೋ ಹಬ್ಬ, ಅದರ ಅರ್ಥ ಅದಕ್ಕೇ ಇದೆ. ಆದ್ರೆ ಹಬ್ಬ ಬರೋದು ಸರಿಯಾಗಿ ತೊಗರಿಯಲ್ಲಿ ಕಾಯಿ ಇರೋ ಹೊತ್ತಿಗೆ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿ ಕೀಡಿನೂ ತಿನ್ನುತ್ತೆ ಅಂತ ಕೃಷಿ ಬಲ್ಲವರು ವಿವರಿಸ್ತಾರೆ.

ಇನ್ನು ಔಷಧ ಹೊಡೆಯಲೇಬೇಕಾ ಅನ್ನೋದಕ್ಕೂ ಒಂದು ಅಳತೆ ಇದೆ. ಗಿಡಕ್ಕೆ ಸರಾಸರಿ ಒಂದು ಕೀಡಿನೋ, ಎರಡು ಮೊಟ್ಟೆನೋ ಕಂಡಾಗ ಮಾತ್ರ ಕ್ರಮ. ಪಕ್ಕದ ಹೊಲದವರು ಹೊಡೆದ್ರು ಅಂತ, ಅಂಗಡಿಯವರು ಹೇಳಿದ್ರು ಅಂತ ಹೊಡೆಯೋದು ಬಿಟ್ರೆ ಅರ್ಧ ಖರ್ಚು ಅಲ್ಲೇ ಉಳಿಯಬಹುದು.

ನೆಟೆ ರೋಗದ ಬಗ್ಗೆನೂ ಹೇಳ್ಬೇಕು. 2022–23ರ ಹಂಗಾಮಿನಲ್ಲಿ ಕಲಬುರಗಿ ಸುತ್ತಮುತ್ತ ನಿಂತ ತೊಗರಿ ಒಣಗಿ ಹೋಗಿ, ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಘೋಷಿಸಬೇಕಾಯ್ತು. ನೆಟೆ ರೋಗ ತರೋ ಶಿಲೀಂಧ್ರ ಮಣ್ಣಲ್ಲಿ ಹಲವು ವರ್ಷ ಬದುಕುತ್ತೆ. ಗಿಡ ಒಣಗೋಕೆ ಶುರುವಾದ ಮೇಲೆ ಯಾವ ಎಣ್ಣಿ ಹೊಡೆದ್ರೂ ಅದು ಎದ್ದು ನಿಲ್ಲೋದಿಲ್ಲ. ತಡೆಯೋ ದಾರಿ ಬಿತ್ತೋಕೆ ಮುಂಚೆ ಇದೆ: ರೋಗ ತಡೆಯೋ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಮತ್ತು ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿನೇ ಹಾಕದೆ ಜೋಳದ ಜೊತೆ ಬದಲಾವಣೆ. ಈ ಮೂರೂ ಸಾವಯವದ ನಿಯಮದೊಳಗೇ ಬರ್ತಾವೆ.

ಕೂಡಿಸಿ ನೋಡಿ. ತೊಗರಿಗೆ ಯೂರಿಯಾ ಬೇಡ. ಕೀಡಿಗೆ ಬೇರೆ ದಾರಿ ಇವೆ. ನೆಟೆ ರೋಗಕ್ಕೆ ಔಷಧವೇ ಇಲ್ಲ, ಇರೋದು ಮುನ್ನೆಚ್ಚರಿಕೆ. ಹಾಗಾಗಿ ಸಾವಯವಕ್ಕೆ ಅತಿ ಹತ್ತಿರ ಇರೋ ಬೆಳೆ ತೊಗರಿ.

ಅಫಜಲಪುರದ ಕಬ್ಬು: ತಿಪ್ಪೆ ಎಲ್ಲಿಂದ ತರೋಣ?

ಈಗ ಭೀಮಾ ದಂಡೆಗೆ ಬನ್ನಿ. ಅಫಜಲಪುರ ತಾಲೂಕಿನಲ್ಲಿ ಸೊನ್ನದ ಬ್ಯಾರೇಜ್ ಇದೆ, ನದಿ ನೀರಿದೆ, ಕಬ್ಬು ಇದೆ. ಇಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತೆ.

ಉತ್ತರ ಕರ್ನಾಟಕದಲ್ಲಿ ಕಬ್ಬಿಗೆ ಹೆಕ್ಟೇರಿಗೆ ಸುಮಾರು 250 ಕೆ.ಜಿ. ಸಾರಜನಕದ ಶಿಫಾರಸಿದೆ. ಎಕರೆಗೆ 100 ಕೆ.ಜಿ. ಅಂತ ಇಟ್ಕೊಳ್ಳಿ. ಒಂದು ಚೀಲ ಯೂರಿಯಾ 45 ಕೆ.ಜಿ., ಅದರಲ್ಲಿ ಸಾರಜನಕ ಸುಮಾರು 20 ಕೆ.ಜಿ. ಅಂದ್ರೆ ಐದು ಚೀಲ. ಇದನ್ನೇ ತಿಪ್ಪೆಗೊಬ್ಬರದಿಂದ ಕೊಡೋದಾದ್ರೆ? ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರದಲ್ಲಿ ಸಾರಜನಕ ಶೇ 0.5ರಷ್ಟು. ಒಂದು ಟನ್ನಿಗೆ 5 ಕೆ.ಜಿ. ಹಾಗಾದ್ರೆ ಎಕರೆಗೆ 20 ಟನ್. ಅದೂ ಎಲ್ಲ ಮೊದಲ ವರ್ಷವೇ ಗಿಡಕ್ಕೆ ಸಿಗೋದಿಲ್ಲ.

ಒಂದು ದನ ದಿನಕ್ಕೆ 10 ಕೆ.ಜಿ. ಸಗಣಿ ಹಾಕುತ್ತೆ ಅಂದ್ರೆ ವರ್ಷಕ್ಕೆ ಮೂರೂವರೆ ಟನ್. ಅದು ಒಣಗಿ, ಕೊಳೆತು ಗೊಬ್ಬರ ಆಗೋ ಹೊತ್ತಿಗೆ ಅರ್ಧದಷ್ಟು ಉಳಿಯಬಹುದು. ಒಂದೆಕರೆ ಕಬ್ಬಿಗೆ ಸುಮಾರು 10 ದನ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಮ್ಮಿಯಾದ ಊರಲ್ಲಿ ಎಕರೆಗೆ 10 ದನ ಎಲ್ಲಿಂದ ತರ್ತೀರಿ?

‘ಜೀವಾಮೃತ ಇದೆಯಲ್ಲ’ ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ಸುಭಾಷ್ ಪಾಳೇಕರ್ ಅವರಿಂದ ಪ್ರಚಾರಕ್ಕೆ ಬಂದ ವಿಧಾನ ಅದು: 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಮಣ್ಣಿನ ಜೀವಾಣುಗಳನ್ನ ಹೆಚ್ಚಿಸೋದು ಇದರ ಉದ್ದೇಶ. ಆದ್ರೆ ಇಡೀ ಡ್ರಮ್ಮಿನಲ್ಲಿರೋ ಸಾರಜನಕ ತೂಗಿದ್ರೆ ಕೆಲವು ನೂರು ಗ್ರಾಂ ದಾಟೋದು ಕಷ್ಟ. ತನ್ನ ಸಾರಜನಕ ತಾನೇ ಮಾಡ್ಕೊಳ್ಳೋ ತೊಗರಿಗೆ ಇದು ಜೊತೆಗಾರ ಆಗಬಹುದು. ಎಕರೆಗೆ 100 ಕೆ.ಜಿ. ಕೇಳೋ ಕಬ್ಬಿಗೆ ಇದೊಂದೇ ಊಟ ಆಗೋದಿಲ್ಲ.

ಈ ಲೆಕ್ಕ ತಪ್ಪಿದ್ರೆ ಏನಾಗುತ್ತೆ ಅನ್ನೋಕೆ ಶ್ರೀಲಂಕಾ ಸಾಕ್ಷಿ. 2021ರಲ್ಲಿ ಅಲ್ಲಿಯ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನ ಏಕಾಏಕಿ ನಿಲ್ಲಿಸಿತು. ಅಷ್ಟು ಸಾವಯವ ಗೊಬ್ಬರ ದೇಶದಲ್ಲಿ ಇರಲಿಲ್ಲ. ಭತ್ತ, ಚಹಾ ಇಳುವರಿ ಬಿತ್ತು, ರೈತರು ಬೀದಿಗಿಳಿದರು. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ನಿಷೇಧ ವಾಪಸ್ ಪಡೀಬೇಕಾಯ್ತು.

ಹಾಗಾದ್ರೆ ಕಬ್ಬಿನವರು ಏನೂ ಮಾಡೋಕೆ ಆಗಲ್ವಾ? ಆಗುತ್ತೆ. ಮೊದಲನೇದು ರವದಿ ಸುಡೋದನ್ನ ಬಿಡೋದು. ಕಬ್ಬು ಕಡಿದ ಮೇಲೆ ಎಕರೆಗೆ 3–4 ಟನ್ ರವದಿ ಉಳಿಯುತ್ತೆ. ಬೆಂಕಿ ಹಚ್ಚಿದ್ರೆ ಅದರಲ್ಲಿರೋ ಸಾರಜನಕ, ಇಂಗಾಲ ಹೊಗೆಯಾಗಿ ಹೋಗ್ತಾವೆ. ಸಾಲಿನ ನಡುವೆ ಹಾಸಿದ್ರೆ ತೇವ ಉಳಿಯುತ್ತೆ, ಕಳೆ ತಗ್ಗುತ್ತೆ, ನಿಧಾನಕ್ಕೆ ಗೊಬ್ಬರ ಆಗುತ್ತೆ. ಎರಡನೇದು, ನಾಟಿಗೆ ಮುಂಚೆ ಡಯಾಂಚ ಇಲ್ಲ ಸೆಣಬು ಬಿತ್ತಿ, ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸೋದು. ಮೂರನೇದು, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಕೊಳೆಸಿ ಹಾಕೋದು.

ನಾಲ್ಕನೇದು, ಯೂರಿಯಾ ಹಾಕೋ ರೀತಿ ಬದಲಿಸೋದು. ಹಾಕಿದ ಯೂರಿಯಾದಲ್ಲಿ ಬೆಳೆಗೆ ಸಿಗೋದು ಸಾಮಾನ್ಯವಾಗಿ ಅರ್ಧಕ್ಕಿಂತ ಕಮ್ಮಿ. ಸುಣ್ಣದಂಶ ಇರೋ ಎರಿ ಮಣ್ಣಿನ ಮೇಲೆ ಎರಚಿ ಬಿಟ್ರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ನೀರು ಜಾಸ್ತಿ ಆದ್ರೆ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತೆ. ಮತ್ತೊಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತೆ. ಭೂಮಿಯ ಶಾಖ ಏರಿಸೋದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಲಶಾಲಿ. ಯೂರಿಯಾವನ್ನ ಕಂತು ಕಂತಾಗಿ ಕೊಟ್ಟು, ಮಣ್ಣು ಮುಚ್ಚಿದ್ರೆ ಚೀಲ ಕಮ್ಮಿ ಆಗುತ್ತೆ, ಇಳುವರಿ ಹಾಗೇ ಇರುತ್ತೆ. ಮತ್ತೆ ನೀರು: ಎರಿ ಭೂಮಿಗೆ ಸಿಕ್ಕಷ್ಟು ನೀರು ಬಿಟ್ರೆ ಹೊಲ ಸವಳು-ಜವಳಾಗುತ್ತೆ. ಒಮ್ಮೆ ಸವಳಾದ ಹೊಲಕ್ಕೆ ಯಾವ ಗೊಬ್ಬರ ಹಾಕಿದ್ರೂ ಪ್ರಯೋಜನ ಇಲ್ಲ.

ಇದಕ್ಕೆ ಸಾವಯವ ಅಂತ ಪ್ರಮಾಣಪತ್ರ ಸಿಗೋದಿಲ್ಲ, ನಿಜ. ಆದ್ರೆ ಐದು ಚೀಲ ಮೂರಾದ್ರೆ ಅದೂ ಪರಿಸರಸ್ನೇಹಿ ಕೃಷಿನೇ.

ಜೇವರ್ಗಿಯ ಹತ್ತಿ: ಬೀಜದಲ್ಲೇ ಬಾಗಿಲು ಮುಚ್ಚಿದೆ

ಮೂರನೇದು ಹತ್ತಿ. ಇಲ್ಲಿ ತೊಡಕು ಇನ್ನೂ ಬೇರೆ. ಸಾವಯವದ ನಿಯಮದಲ್ಲಿ ಕುಲಾಂತರಿ ಬೀಜಕ್ಕೆ ಜಾಗ ಇಲ್ಲ. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ತು, ಇವತ್ತು ದೇಶದ ಹತ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬಿಟಿನೇ. ಅಂದ್ರೆ ಬಿಟಿ ಹತ್ತಿಗೆ ನೀವು ಒಂದು ಹನಿ ಎಣ್ಣಿ ಹೊಡೆಯದಿದ್ರೂ, ಬರೀ ತಿಪ್ಪೆಗೊಬ್ಬರ ಹಾಕಿದ್ರೂ, ಅದು ಸಾವಯವ ಹತ್ತಿ ಆಗೋದಿಲ್ಲ. ಬೀಜ ಕೊಂಡ ದಿನವೇ ತೀರ್ಮಾನ ಆಗಿರುತ್ತೆ.

ಬಿಟಿ ಬಂದಾಗ ಔಷಧ ಕಮ್ಮಿಯಾಗುತ್ತೆ ಅನ್ನೋ ಭರವಸೆ ಇತ್ತು. ಮೊದಮೊದಲು ಕಾಯಿಕೊರಕಕ್ಕೆ ಹೊಡೆಯೋದು ತಗ್ಗಿತು. ಆಮೇಲೆ ಗುಲಾಬಿ ಕಾಯಿಕೊರಕ ಬಿಟಿಯನ್ನೂ ತಡ್ಕೊಳ್ಳೋದು ಕಲಿತು, ರಸ ಹೀರೋ ಕೀಟಗಳು ಹೆಚ್ಚಾದವು, ಮತ್ತೆ ಡಬ್ಬಿ ಮೇಲೆ ಡಬ್ಬಿ.

ಹತ್ತಿಯಲ್ಲಿ ನಾನು ಪ್ರಮಾಣಪತ್ರಕ್ಕಿಂತ ಮೊದಲು ಮಾತಾಡಬೇಕಾಗಿರೋದು ಸಿಂಪಡಿಸೋ ಮನುಷ್ಯನ ಜೀವದ ಬಗ್ಗೆ. 2017ರಲ್ಲಿ ಪಕ್ಕದ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷ ತಾಗಿ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ನಮ್ಮ ಕಾಸರಗೋಡಿನ ಗೇರು ತೋಟಗಳಲ್ಲಿ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತು ಅನ್ನೋದು ಕನ್ನಡಿಗರಿಗೆ ಗೊತ್ತಿರೋದೇ. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ನಿಷೇಧಿಸಿತು.

ನಿಮ್ಮ ಮನೆಯಲ್ಲಿ ಹತ್ತಿ ಇದ್ರೆ, ಈ ವರ್ಷ ಮಾಡಬಹುದಾದ ಕೆಲಸ ಇಷ್ಟು: ಎರಡು ಮೂರು ಔಷಧ ಸೇರಿಸಿ ಒಂದೇ ಸಲ ಹೊಡೆಯೋದನ್ನ ನಿಲ್ಲಿಸಿ. ಗಾಳಿಗೆ ಎದುರಾಗಿ ಹೊಡೀಬೇಡಿ. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್ ಇಲ್ಲದೆ ಯಾರನ್ನೂ ಪಂಪು ಹೊರೋಕೆ ಬಿಡಬೇಡಿ, ಅದರಲ್ಲೂ ಕೂಲಿಗೆ ಬಂದವರನ್ನ. ಖಾಲಿ ಡಬ್ಬಿಯನ್ನ ನೀರು ತುಂಬೋಕೆ ಇಟ್ಕೋಬೇಡಿ. ಇದು ಸಾವಯವದ ಮೊದಲ ಮೆಟ್ಟಿಲಿಗಿಂತ ಮುಂಚಿನ ನೆಲ.

ಜೊತೆಗೆ ಇನ್ನೊಂದು: ನಿಮ್ಮ ಸಾವಯವ ತೊಗರಿ ಹೊಲದ ಪಕ್ಕದಲ್ಲೇ ಹತ್ತಿ ಇದ್ರೆ, ಅಲ್ಲಿ ಹೊಡೆದ ಎಣ್ಣಿ ಗಾಳಿಗೆ ತೂರಿ ಬರುತ್ತೆ. ಅದಕ್ಕೇ ಪ್ರಮಾಣಪತ್ರ ಕೊಡೋರು ಅಂಚಿನಲ್ಲಿ ಕೆಲವು ಸಾಲು ಬಿಡೋಕೆ, ಇಲ್ಲ ಎತ್ತರದ ಬೆಳೆ ಹಾಕೋಕೆ ಹೇಳ್ತಾರೆ. ಪಕ್ಕದ ಹೊಲದವರ ಜೊತೆ ಮಾತಾಡದೆ ಸಾವಯವ ಸಾಧ್ಯ ಇಲ್ಲ.

ದುಡ್ಡಿನ ಲೆಕ್ಕ

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಮೂರರಲ್ಲಿ ಸುಲಭದ ಬೆಳೆ ತೊಗರಿ ಅಂದೆ. ಅದರದ್ದೇ ಲೆಕ್ಕ ಹಾಕೋಣ. ಎಕರೆಗೆ 4 ಕ್ವಿಂಟಲ್ ತೊಗರಿ ಅಂತ ಇಟ್ಕೊಳ್ಳಿ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆದಾಯ 32,000. ಡಿಎಪಿ ಚೀಲ 1,350 ರೂಪಾಯಿ. ಯೂರಿಯಾ ಚೀಲ ಸುಮಾರು 266 ರೂಪಾಯಿ. ಯೂರಿಯಾ ಇಷ್ಟು ಅಗ್ಗ ಇರೋದು, ಅದರ ವೆಚ್ಚದ ಬಹುಪಾಲನ್ನ ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ತುಂಬಿಕೊಡೋದ್ರಿಂದ.

ಎರಡನ್ನೂ ಬಿಟ್ರೆ ಉಳಿಯೋದು 1,600 ರೂಪಾಯಿ. ಆದ್ರೆ ಇಳುವರಿ ಒಂದೇ ಒಂದು ಕ್ವಿಂಟಲ್ ಬಿದ್ರೂ ಹೋಗೋದು 8,000. ಅದಕ್ಕೇ ರೈತರು ಗೊಬ್ಬರ ಬಿಡೋಕೆ ಹೆದರ್ತಾರೆ. ಅದು ಅಜ್ಞಾನ ಅಲ್ಲ, ಲೆಕ್ಕ. ತೊಗರಿಯಲ್ಲಿ ನಿಜವಾದ ಉಳಿತಾಯ ಇರೋದು ಔಷಧದ ಬಿಲ್ಲಿನಲ್ಲಿ. ಸಾಲ ಬೆಳೆಯೋದೂ ಬಹುತೇಕ ಅಲ್ಲೇ.

ಇನ್ನು ‘ಸಾವಯವಕ್ಕೆ ಹೆಚ್ಚು ರೇಟ್ ಸಿಗುತ್ತಲ್ಲ’ ಅಂತೀರಿ. ಸಿಗುತ್ತೆ, ಆದ್ರೆ ತಡವಾಗಿ. ರಾಷ್ಟ್ರೀಯ ನಿಯಮದ ಪ್ರಕಾರ ವಾರ್ಷಿಕ ಬೆಳೆಯ ಹೊಲಕ್ಕೆ ಎರಡು ವರ್ಷ ಪರಿವರ್ತನೆಯ ಅವಧಿ. ಆ ಎರಡು ವರ್ಷ ನೀವು ಸಾವಯವದ ಕಷ್ಟ ಎಲ್ಲ ಪಡ್ತೀರಿ, ಮಾರೋದು ಮಾತ್ರ ಮಾಮೂಲಿ ರೇಟಿಗೆ. ಲಾವಣಿ ಹೊಲ ಮಾಡೋರ ಕಷ್ಟ ಇನ್ನೂ ದೊಡ್ಡದು. ಮೂರನೇ ವರ್ಷ ಆ ಹೊಲ ತಮ್ಮ ಕೈಯಲ್ಲಿ ಇರುತ್ತೋ ಇಲ್ವೋ ಗೊತ್ತಿಲ್ಲದವರು ಮಣ್ಣಿಗೆ ಯಾಕೆ ಬಂಡವಾಳ ಹಾಕ್ತಾರೆ? ಸಾವಯವದ ಬಗ್ಗೆ ಮಾತಾಡೋರು ಇದನ್ನ ಅಪರೂಪಕ್ಕೆ ಹೇಳ್ತಾರೆ.

ಪ್ರಮಾಣಪತ್ರಕ್ಕೆ ಎರಡು ದಾರಿ ಇವೆ. ಒಂದು ಎನ್‌ಪಿಒಪಿ. ಮೂರನೇ ಸಂಸ್ಥೆಯೊಂದು ಬಂದು ಪರಿಶೀಲಿಸುತ್ತೆ, ರಫ್ತಿಗೆ ಇದು ಬೇಕು. ಇನ್ನೊಂದು ಪಿಜಿಎಸ್-ಇಂಡಿಯಾ. ಕನಿಷ್ಠ ಐದು ರೈತರು ಗುಂಪು ಕಟ್ಟಿ, ಒಬ್ಬರ ಹೊಲ ಇನ್ನೊಬ್ಬರು ನೋಡಿ ದೃಢೀಕರಿಸೋದು. ಖರ್ಚು ಕಮ್ಮಿ, ದೇಶದೊಳಗಿನ ಮಾರಾಟಕ್ಕೆ ಸಾಕು. ಪರಿವರ್ತನೆಯಲ್ಲಿರೋ ಹೊಲಕ್ಕೆ ‘ಪಿಜಿಎಸ್-ಗ್ರೀನ್’, ಪೂರ್ತಿಯಾದ ಮೇಲೆ ‘ಪಿಜಿಎಸ್-ಆರ್ಗ್ಯಾನಿಕ್’. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 2,481 ಕೋಟಿ ರೂಪಾಯಿಯ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದೂ ಗುಂಪುಗಳ ಮೂಲಕವೇ ನಡೆಯೋ ಯೋಜನೆ. ಒಬ್ಬರೇ ಹೋದ್ರೆ ಕಷ್ಟ, ಐದು ಜನ ಸೇರಿದ್ರೆ ದಾರಿ ಇದೆ.

ಪೇಟೆಯಲ್ಲಿ ಕೊಂಡು ತಿನ್ನೋರಿಗೆ

ನಿಮ್ಮಲ್ಲಿ ಹಲವರು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಇದ್ದೀರಿ. ಬೇಳೆ ಕೊಳ್ಳುವಾಗ ಪೊಟ್ಟಣದ ಮೇಲೆ ‘ಆರ್ಗ್ಯಾನಿಕ್’ ಅಂತ ಬರೆದಿದ್ರೆ ‘ಜೈವಿಕ್ ಭಾರತ್’ ಗುರುತು ಇದೆಯಾ ನೋಡಿ. 2017ರ ಆಹಾರ ಸುರಕ್ಷತಾ ನಿಯಮದಲ್ಲಿ ಬಂದ ಗುರುತು ಅದು. ಆದ್ರೆ ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಕಮ್ಮಿ ವಹಿವಾಟಿನ ಸಣ್ಣ ರೈತರು ನೇರವಾಗಿ ನಿಮಗೇ ಮಾರಿದ್ರೆ ಪ್ರಮಾಣಪತ್ರದ ಕಡ್ಡಾಯ ಇಲ್ಲ. ಅವರು ಆ ಗುರುತು ಹಾಕೋಹಾಗಿಲ್ಲ, ಅಷ್ಟೇ. ಅಲ್ಲಿ ನಂಬಿಕೆಯೇ ಪ್ರಮಾಣಪತ್ರ.

ಸಾವಯವದಲ್ಲಿ ಪೌಷ್ಟಿಕಾಂಶ ಜಾಸ್ತಿಯಾ? 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ನೂರಾರು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಪೌಷ್ಟಿಕತೆಯಲ್ಲಿ ದೊಡ್ಡ ವ್ಯತ್ಯಾಸಕ್ಕೆ ಬಲವಾದ ಪುರಾವೆ ಕಾಣಲಿಲ್ಲ. ಕೀಟನಾಶಕದ ಉಳಿಕೆ ಮಾತ್ರ ಸಾವಯವದಲ್ಲಿ ಕಮ್ಮಿ ಇತ್ತು. ಹಾಗಾಗಿ ನೀವು ಹೆಚ್ಚು ದುಡ್ಡು ಕೊಡ್ತಿರೋದು ಹೆಚ್ಚು ಪ್ರೋಟೀನಿಗೆ ಅಂತ ಅಂದ್ಕೋಬೇಡಿ. ಕೊಡ್ತಿರೋದು ಎಣ್ಣಿ ಕಮ್ಮಿ ಇರೋ ಕಾಳಿಗೆ, ಪಂಪು ಹೊರದ ಬೆನ್ನಿಗೆ, ಉಳಿದ ಮಣ್ಣಿಗೆ.

ಮುಂದಿನ ಮುಂಗಾರಿಗೆ

ಕೊನೆಗೆ, ಮನೆಯಲ್ಲಿ ಹೊಲ ಇರೋರಿಗೆ ನನ್ನ ಸಲಹೆ. ಇಡೀ ಹೊಲ ಒಂದೇ ವರ್ಷ ಬದಲಿಸೋಕೆ ಅಪ್ಪನನ್ನ ಒತ್ತಾಯ ಮಾಡಬೇಡಿ. ಒಂದೆಕರೆ ತೊಗರಿ ಕೇಳಿ. ಬೇಸಿಗೆಯಲ್ಲೇ ರೈತ ಸಂಪರ್ಕ ಕೇಂದ್ರದ ಮೂಲಕ ಆ ಹೊಲದ ಮಣ್ಣು ಪರೀಕ್ಷೆ ಮಾಡಿಸಿ. ನೆಟೆ ತಡೆಯೋ ತಳಿಯ ಬೀಜ ತನ್ನಿ, ರೈಜೋಬಿಯಂ, ಪಿಎಸ್‌ಬಿ, ಟ್ರೈಕೋಡರ್ಮಾ ಹಚ್ಚಿ ಬಿತ್ತಿ. ಮನೆಯಲ್ಲಿರೋ ತಿಪ್ಪೆಗೊಬ್ಬರ ಎಲ್ಲ ಹೊಲಕ್ಕೂ ತೆಳ್ಳಗೆ ಚೆಲ್ಲೋ ಬದಲು ಆ ಒಂದೆಕರೆಗೇ ಹಾಕಿ. ಹೂ ಬಂದ ದಿನದಿಂದ ವಾರಕ್ಕೆರಡು ಸಲ ಗಿಡ ಎಣಿಸಿ ಕೀಡಿ ನೋಡಿ. ಬೇವಿನ ಬೀಜ ಬೇಸಿಗೆ ಕೊನೆಗೆ ಉದುರ್ತಾವೆ, ಆಗಲೇ ಆರಿಸಿ ಒಣಗಿಸಿಡಿ.

ನಿಮ್ಮ ಫೋನ್ ಇದಕ್ಕೆ ಉಪಯೋಗ ಆಗಲಿ. ಪ್ರತಿ ಖರ್ಚು, ಪ್ರತಿ ಸಿಂಪಡಣೆ, ರಾಶಿ ಆದ ದಿನದ ತೂಕ ಬರೆದಿಡಿ, ಫೋಟೋ ತೆಗೆದಿಡಿ. ಪಕ್ಕದ ಎಕರೆಯದ್ದೂ ಬರೆದಿಡಿ. ನಾಳೆ ಪಿಜಿಎಸ್ ಗುಂಪಿಗೆ ಸೇರೋವಾಗ ಅದೇ ದಾಖಲೆ. ಅದಕ್ಕಿಂತ ಮುಖ್ಯವಾಗಿ, ವರ್ಷದ ಕೊನೆಗೆ ಅಪ್ಪನ ಮುಂದೆ ಇಡೋಕೆ ನಿಮ್ಮ ಕೈಯಲ್ಲಿ ರೀಲ್ಸ್ ಬದಲು ನಿಮ್ಮದೇ ಹೊಲದ ಲೆಕ್ಕ ಇರುತ್ತೆ. ಎರಡೆಕರೆ ಮಾಡೋದೋ, ಅಲ್ಲಿಗೇ ನಿಲ್ಲಿಸೋದೋ ಅನ್ನೋದನ್ನ ಆಗ ಇಬ್ಬರೂ ಕೂತು ತೀರ್ಮಾನ ಮಾಡಬಹುದು.

ಈ ಸಂಚಿಕೆ ಉಪಯೋಗ ಅನ್ನಿಸಿದ್ರೆ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ. ಹೊಲದಲ್ಲಿರೋರು ಸಂಜೆ ಮನೆಗೆ ಬಂದ ಮೇಲೆ ಕೇಳಲಿ.